ಬ್ಯಾಟ್‌ಮನ್‌ಗೆ ಇಬ್ಬರು ಅಪ್ಪಂದಿರು

ಬ್ಯಾಟ್‌ಮನ್ ಯಾರು ಅಂತ ಕೇಳಿದರೆ ನಿಮ್ಮ ಮನೆಯ ಚಿಕ್ಕ ಮಕ್ಕಳೂ ಹೇಳ್ತಾರೆ. ಕಪ್ಪು ಮುಸುಕು, ಬಾವಲಿ ರೆಕ್ಕೆಯಂಥ ಹೊದಿಕೆ, ಕತ್ತಲಾದರೆ ಗಾಥಮ್ ಅನ್ನೋ ಊರಲ್ಲಿ ಕಳ್ಳಕಾಕರ ಬೇಟೆ. ಸರಿ, ಆ ಬ್ಯಾಟ್‌ಮನ್‌ನನ್ನು ಸೃಷ್ಟಿಸಿದ್ದು ಯಾರು? 2015ಕ್ಕೆ ಮೊದಲು ಈ ಪ್ರಶ್ನೆ ಕೇಳಿದ್ದರೆ ಸಿನಿಮಾ, ಟಿ.ವಿ., ಕಾಮಿಕ್ಸ್ ಎಲ್ಲವೂ ಅಧಿಕೃತವಾಗಿ ಒಂದೇ ಹೆಸರು ಹೇಳ್ತಿದ್ದವು. ಬಾಬ್ ಕೇನ್. 76 ವರ್ಷ ಅದೊಂದೇ ಹೆಸರು.

ಅದು ಅರ್ಧ ಸತ್ಯ. ಉಳಿದರ್ಧವನ್ನು ಹೊರಗೆಳೆದವರು ಯಾರು ಗೊತ್ತಾ? ಹಳೇ ಕಾಮಿಕ್ಸ್ ಪುಸ್ತಕಗಳನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಾ, ಅದರ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುತ್ತಾ ಕೂತ ಅಭಿಮಾನಿಗಳು.

ನಿಜ ಹೇಳ್ತೀನಿ, ಇಂಥವರನ್ನು ಕಂಡರೆ ನನಗೂ ನಗು ಬರ್ತಿತ್ತು. ನನ್ನ ಗೆಳೆಯನೊಬ್ಬನಿದ್ದಾನೆ. ಐವತ್ತು ದಾಟಿದೆ. ಅಟ್ಟದ ಮೇಲೆ ಒಂದು ಟ್ರಂಕ್ ತುಂಬ ಹಳೇ ಕಾಮಿಕ್ಸ್. ರದ್ದಿಗೆ ಹಾಕೋಣ ಅಂತ ಹೆಂಡತಿ ಪ್ರತಿ ಯುಗಾದಿಗೂ ಹೇಳ್ತಾರೆ, ಇವನು ಪ್ರತಿ ಯುಗಾದಿಗೂ ಟ್ರಂಕಿನ ಮೇಲೆ ಕೂತುಬಿಡ್ತಾನೆ. ‘ಮಕ್ಕಳ ಪುಸ್ತಕಕ್ಕೆ ಇಷ್ಟೊಂದು ಯಾಕೋ ಮಾರಾಯ?’ ಅಂತ ಒಂದು ದಿನ ಕೇಳಿದೆ. ಅವನು ಹೇಳಿದ್ದು ಬಿಲ್ ಫಿಂಗರ್ ಕಥೆ. ಆಮೇಲೆ ನಾನು ನಗಲಿಲ್ಲ.

ಕಥೆ ಶುರುವಾಗೋದು ನ್ಯೂಯಾರ್ಕ್‌ನಲ್ಲಿ. 1938ರಲ್ಲಿ ಸೂಪರ್‌ಮನ್ ಬಂದ. 10 ಸೆಂಟಿನ ಪುಸ್ತಕ ಬಿಸಿ ಬಿಸಿ ಬೋಂಡಾ ಥರ ಖರ್ಚಾಯ್ತು. ಪ್ರಕಾಶಕರಿಗೆ ಅಂಥದ್ದೇ ಇನ್ನೊಬ್ಬ ನಾಯಕ ಬೇಕಿತ್ತು. ಬಾಬ್ ಕೇನ್ ಅನ್ನೋ ತರುಣ ಚಿತ್ರಕಾರ ಒಂದು ಚಿತ್ರ ಬರೆದ. ಬ್ಯಾಟ್‌ಮನ್ ಅಂತ ಹೆಸರಿಟ್ಟ. ಆದರೆ ಆ ಬ್ಯಾಟ್‌ಮನ್‌ನನ್ನು ನೀವು ನೋಡಿದ್ದರೆ ಗುರುತೇ ಹಿಡೀತಿರಲಿಲ್ಲ. ಮೈಗೆ ಕೆಂಪು ಉಡುಪು, ಕಣ್ಣಿಗೆ ಒಂದು ಪಟ್ಟಿ, ಬೆನ್ನಿಗೆ ಸೆಟೆದು ನಿಂತ ಎರಡು ರೆಕ್ಕೆ. ಅಷ್ಟೇ.

ಕೇನ್ ಆ ಚಿತ್ರವನ್ನು ತನ್ನ ಜೊತೆ ಕೆಲಸ ಮಾಡ್ತಿದ್ದ ಬಿಲ್ ಫಿಂಗರ್‌ಗೆ ತೋರಿಸಿದ. ಫಿಂಗರ್ ಹೊಟ್ಟೆಪಾಡಿಗೆ ಶೂ ಅಂಗಡಿಯಲ್ಲಿ ದುಡಿದವನು. ಓದಿನ ಹುಚ್ಚು, ಬರೆಯುವ ಆಸೆ. ಕೆಂಪು ಬೇಡ, ಬೂದು ಬಣ್ಣ ಮಾಡು ಅಂದ. ಕಣ್ಣುಪಟ್ಟಿ ತೆಗೆದು ಬಾವಲಿ ಕಿವಿಯ ಮುಸುಕು ಹಾಕು ಅಂದ. ರೆಕ್ಕೆ ಕಿತ್ತು ಹೊದಿಕೆ ಹೊದಿಸು, ಕೈಗೆ ಗ್ಲೌಸ್ ತೊಡಿಸು ಅಂದ. ಮುಸುಕಿನ ಹಿಂದಿರುವ ಮನುಷ್ಯನಿಗೆ ಬ್ರೂಸ್ ವೇನ್ ಅಂತ ಹೆಸರಿಟ್ಟವನೂ ಇವನೇ. ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್‌ನಿಂದ ಅರ್ಧ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೇನಾನಿ ಆಂಥನಿ ವೇನ್‌ನಿಂದ ಅರ್ಧ. ಆಮೇಲೆ ಟೆಲಿಫೋನ್ ಡೈರೆಕ್ಟರಿಯಲ್ಲಿ ಒಂದು ಒಡವೆ ಅಂಗಡಿಯ ಹೆಸರು ನೋಡಿ ಬ್ಯಾಟ್‌ಮನ್ ಊರಿಗೆ ಗಾಥಮ್ ಅಂತ ಹೆಸರಿಟ್ಟ. 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯಲ್ಲಿ ಬಂದ ಮೊಟ್ಟಮೊದಲ ಕಥೆ, ಆರೇ ಆರು ಪುಟದ್ದು, ಬರೆದವನು ಫಿಂಗರ್.

ಆದರೆ ಅಚ್ಚಾದ ಹೆಸರು ಕೇನ್‌ದು ಮಾತ್ರ!

ಯಾಕೆ ಹೀಗಾಯ್ತು? ಪ್ರಕಾಶಕರ ಜೊತೆ ಮಾತುಕತೆಗೆ ಕೂತವನು ಕೇನ್. ಒಪ್ಪಂದ ಮಾಡಿಕೊಂಡವನೂ ಕೇನ್. ಫಿಂಗರ್ ಆಗ ಕಂಪನಿಯ ನೌಕರನಲ್ಲ, ಕೇನ್ ದುಡ್ಡು ಕೊಟ್ಟು ಬರೆಸಿಕೊಳ್ಳುತ್ತಿದ್ದ ಬರಹಗಾರ. ಬರೆದ, ದುಡ್ಡು ತಗೊಂಡ, ಮನೆಗೆ ಹೋದ. ಆ ಕಾಲದ ಕಾಮಿಕ್ಸ್‌ನಲ್ಲಿ ಬರೆದವರ ಹೆಸರು ಹಾಕುವ ಪದ್ಧತಿಯೂ ಗಟ್ಟಿಯಾಗಿರಲಿಲ್ಲ. ಜೋರಾಗಿ ಕೇಳುವ ಸ್ವಭಾವ ಫಿಂಗರ್‌ಗೂ ಇರಲಿಲ್ಲ.

ಇಲ್ಲಿ ಅಭಿಮಾನಿಗಳು ಬರ್ತಾರೆ. 1961ರ ಸುಮಾರಿಗೆ ಡಿ.ಸಿ. ಕಂಪನಿಯ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಒಂದು ಸಣ್ಣ ಕೆಲಸ ಮಾಡಿದರು. ಓದುಗರ ಪತ್ರಗಳ ಕೆಳಗೆ ಅವರ ಪೂರ್ತಿ ವಿಳಾಸ ಅಚ್ಚು ಹಾಕಿಸೋಕೆ ಶುರು ಮಾಡಿದರು. ಏನಾಯ್ತು? ಅಲ್ಲಿಯವರೆಗೆ ಒಬ್ಬೊಬ್ಬರೇ ಕೂತು ಓದ್ತಿದ್ದವರು ಪರಸ್ಪರ ಕಾಗದ ಬರೆಯೋಕೆ ಶುರು ಮಾಡಿದರು. ಡೆಟ್ರಾಯ್ಟ್‌ನಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಜೆರ್ರಿ ಬೇಲ್ಸ್ ಅದೇ 1961ರಲ್ಲಿ ‘ಆಲ್ಟರ್ ಈಗೊ’ ಅಂತ ಅಭಿಮಾನಿಗಳ ಪತ್ರಿಕೆಯನ್ನೇ ಹೊರಡಿಸಿದರು. ಎರಡು ದಶಕ ಹಿಂದಿನ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು, ಈ ಕಥೆ ಬರೆದವರು ಯಾರು, ಈ ಚಿತ್ರ ಯಾರ ಕೈಯದ್ದು ಅಂತ ಪಟ್ಟಿ ಮಾಡೋಕೆ ಕೂತರು.

ಹೆಸರೇ ಇಲ್ಲದ ಕಥೆಯಲ್ಲಿ ಬರೆದವನನ್ನು ಹಿಡಿಯೋದು ಹೇಗೆ? ಕೈರುಚಿ ನೋಡಿ ಇದು ಅಮ್ಮ ಮಾಡಿದ ಸಾರೋ ಅತ್ತೆ ಮಾಡಿದ ಸಾರೋ ಅಂತ ನಾವು ಹೇಳಲ್ವಾ? ಹಾಗೆ. ಫಿಂಗರ್ ಕಥೆಗಳಲ್ಲಿ ಬೃಹದಾಕಾರದ ವಸ್ತುಗಳು ಬರ್ತಿದ್ದವು. ಮನೆಯಷ್ಟು ದೊಡ್ಡ ಟೈಪ್‌ರೈಟರ್, ಆಳೆತ್ತರದ ನಾಣ್ಯ. ಅದರ ಮೇಲೆ ಬ್ಯಾಟ್‌ಮನ್ ಕಳ್ಳರ ಜೊತೆ ಹೊಡೆದಾಡ್ತಿದ್ದ. ಒಂದೇ ಸಲ ಓದಿ ಎಸೆದವರಿಗೆ ಇದು ಗೊತ್ತಾಗಲ್ಲ. ಮತ್ತೆ ಮತ್ತೆ ಓದಿದವರಿಗೆ ಮಾತ್ರ ಗೊತ್ತಾಗುತ್ತೆ.

1965ರಲ್ಲಿ ನ್ಯೂಯಾರ್ಕ್‌ನಲ್ಲಿ ಅಭಿಮಾನಿಗಳ ಸಮಾವೇಶ ನಡೆದಾಗ ಫಿಂಗರ್‌ನನ್ನು ಕರೆದು ವೇದಿಕೆ ಮೇಲೆ ಕೂರಿಸಿದರು. ಅದೇ ವರ್ಷ ಬೇಲ್ಸ್ ಮೇಷ್ಟ್ರು ಲೇಖನ ಬರೆದು, ಬ್ಯಾಟ್‌ಮನ್ ಕಟ್ಟುವಲ್ಲಿ ಫಿಂಗರ್ ಪಾಲು ಎಷ್ಟು ದೊಡ್ಡದು ಅನ್ನೋದನ್ನು ಹೊರಗೆ ಹಾಕಿದರು. ಕೇನ್ ಸಿಟ್ಟಿಗೆದ್ದು ಅಭಿಮಾನಿಗಳ ಪತ್ರಿಕೆಗೆ ಉದ್ದನೆಯ ಪತ್ರ ಬರೆದ. ನಾನೇ ಸೃಷ್ಟಿಕರ್ತ ಅನ್ನೋದು ಅದರ ಸಾರ. ಒಪ್ಪಂದದ ಕಾಗದ ಅವನ ಕಡೆಗಿತ್ತು. ಹಳೇ ಪುಸ್ತಕಗಳು ಫಿಂಗರ್ ಕಡೆಗಿದ್ದವು. ಗೆದ್ದಿದ್ದು ಕಾಗದ.

1974ರ ಜನವರಿಯಲ್ಲಿ ಫಿಂಗರ್ ತೀರಿಕೊಂಡ. 59 ವರ್ಷ. ಕೈಯಲ್ಲಿ ಕಾಸಿರಲಿಲ್ಲ. 1989ರಲ್ಲಿ ಬ್ಯಾಟ್‌ಮನ್ ಸಿನಿಮಾ ಬಂದು ಜಗತ್ತೇ ಹುಚ್ಚೆದ್ದಾಗ, ಕೇನ್ ತನ್ನ ಆತ್ಮಕಥೆಯಲ್ಲಿ ಫಿಂಗರ್‌ಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಅಂತ ಒಪ್ಪಿಕೊಂಡ. ಅಷ್ಟೊತ್ತಿಗೆ ಗೆಳೆಯ ಸತ್ತು 15 ವರ್ಷ! ಒಪ್ಪಂದ ಮಾತ್ರ ಬದಲಾಗಲಿಲ್ಲ. 2008ರಲ್ಲಿ ಬಂದ ‘ದಿ ಡಾರ್ಕ್ ನೈಟ್’ ನೂರು ಕೋಟಿ ಡಾಲರ್ ದಾಟಿ ಗಳಿಸಿತು. ಅದರಲ್ಲಿ ನೀವು ಚಪ್ಪಾಳೆ ಹೊಡೆದ ಜೋಕರ್ ಇದ್ದಾನಲ್ಲ, ಅವನನ್ನು ಹುಟ್ಟಿಸಿದ್ದರಲ್ಲೂ ಫಿಂಗರ್ ಪಾಲಿದೆ. ಆ ಸಿನಿಮಾದಲ್ಲೂ ಸೃಷ್ಟಿಕರ್ತನಾಗಿ ಫಿಂಗರ್ ಹೆಸರಿಲ್ಲ.

ಕೊನೆಗೆ ಇದನ್ನು ಬೆನ್ನು ಹತ್ತಿದವರು ಮಾರ್ಕ್ ಟೈಲರ್ ನೋಬಲ್‌ಮನ್. ಮಕ್ಕಳ ಪುಸ್ತಕ ಬರೆಯುವವರು, ಕಾಮಿಕ್ಸ್ ಅಭಿಮಾನಿ. ಹಕ್ಕು ಕೇಳಬೇಕಾದರೆ ವಾರಸುದಾರರು ಬೇಕು. ಫಿಂಗರ್‌ನ ಒಬ್ಬನೇ ಮಗ 1992ರಲ್ಲೇ ತೀರಿಕೊಂಡಿದ್ದ. ವಂಶ ಮುಗೀತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ನೋಬಲ್‌ಮನ್ ಹುಡುಕಿ ಹುಡುಕಿ ಒಬ್ಬ ಮೊಮ್ಮಗಳನ್ನು ಪತ್ತೆ ಹಚ್ಚಿದರು, ಅಥೀನಾ ಫಿಂಗರ್. ಅಪ್ಪನ ಚಿತಾಭಸ್ಮವನ್ನು ಮಗ ಆರೆಗಾನ್ ಕಡಲ ತೀರದಲ್ಲಿ ಬಾವಲಿಯ ಆಕಾರದಲ್ಲಿ ಚೆಲ್ಲಿದ್ದ ಅನ್ನೋ ಸಂಗತಿಯೂ ಆಗಲೇ ಹೊರಬಂತು. ಹೆಸರು ಕೊಡದ ಲೋಕಕ್ಕೆ ಮಗ ಹೇಳಿದ ಉತ್ತರ ಅದು.

2012ರಲ್ಲಿ ನೋಬಲ್‌ಮನ್ ಪುಸ್ತಕ ಬಂತು. 2015ರ ಸೆಪ್ಟೆಂಬರ್‌ನಲ್ಲಿ ಡಿ.ಸಿ. ಕಂಪನಿ ಫಿಂಗರ್ ಹೆಸರು ಸೇರಿಸುವುದಾಗಿ ಘೋಷಿಸಿತು. 2016ರ ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್’ ಸಿನಿಮಾದ ಪರದೆ ಮೇಲೆ ಬಾಬ್ ಕೇನ್ ಪಕ್ಕ ಬಿಲ್ ಫಿಂಗರ್ ಹೆಸರು ಬಂತು. 2017ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, ಇಬ್ಬರೂ ಕೂತು ಕಥೆ ಕಟ್ಟುತ್ತಿದ್ದ ಉದ್ಯಾನದ ಬಳಿಯ ರಸ್ತೆಯೊಂದಕ್ಕೆ ಅವನ ಹೆಸರಿಟ್ಟರು.

ಇದು ಅಮೆರಿಕದ ಕಥೆ, ನಮಗೇನು ಅಂತೀರಾ? ನಿಮ್ಮ ಮನೆಯಲ್ಲಿ ಹಳೇ ಅಮರ ಚಿತ್ರ ಕಥೆ ಇದ್ದರೆ ತೆಗೆದು ನೋಡಿ. ಇಂಗ್ಲಿಷ್ ಸರಣಿ ಶುರುವಾಗೋದು 11ನೇ ಸಂಖ್ಯೆಯಿಂದ, ‘ಕೃಷ್ಣ’ದಿಂದ. ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡದಲ್ಲಿ ಬಂದಿದ್ದವು ಸ್ವಾಮಿ! ಅದರ ಹಿಂದೆ ಇದ್ದವರು ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್. ಸರಣಿಯನ್ನು ದೇಶದ ಮನೆಮನೆಗೆ ಮುಟ್ಟಿಸಿದ ಕೀರ್ತಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅನಂತರಾಮ್ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮುಖಪುಟದ ಮೂಲೆಯ ಆ ‘11’ ನೋಡಿ ‘ಯಾಕೆ?’ ಅಂತ ಕೇಳಿದವರಿಗೆ ಮಾತ್ರ ಗೊತ್ತು.

ಇನ್ನೊಂದು ಮಾತು, ನನ್ನದೇ ವಿಷಯ. ಒಂದು ರಾತ್ರಿ ಕಾರ್ಯಕ್ರಮದ ಕೊನೆಗೆ ನಾನು ಹೇಳಿದ ಒಂದು ವಾಕ್ಯ ಜನಕ್ಕೆ ಬಹಳ ಹಿಡಿಸಿತು. ಮರುದಿನ ಹೋಟೆಲ್‌ನಲ್ಲಿ ಕಾಫಿ ಕುಡಿಯೋಕೆ ಹೋದರೆ, ‘ಏನ್ ಮಾತು ಸಾರ್ ಅದು!’ ಅಂತ ಮೂರು ಜನ ಕೈ ಕುಲುಕಿದರು. ಆ ವಾಕ್ಯ ನನ್ನದಲ್ಲ. ಡೆಸ್ಕ್‌ನಲ್ಲಿ ಕೂರುವ ಒಬ್ಬ ಹುಡುಗ ಬರೆದುಕೊಟ್ಟಿದ್ದ. ನಾನು ಹೇಳಿದೆನಾ? ಇಲ್ಲ. ನಕ್ಕು, ಥ್ಯಾಂಕ್ಸ್ ಅಂದು ಬಂದುಬಿಟ್ಟೆ.

ಬಿಲ್ ಫಿಂಗರ್ ಕಥೆ ಕೇಳಿದ ಮೇಲೆ ಆ ಹುಡುಗನನ್ನು ಕರೆದು, ಆ ಮೂರು ಜನ ಏನಂದರು ಅಂತ ಹೇಳಿದೆ. ‘ಇರಲಿ ಬಿಡಿ ಸಾರ್’ ಅಂದ. ಫಿಂಗರ್ ಕೂಡ ಹಾಗೇ ಅಂದಿರಬೇಕು. ಹಾಗಂದವರ ಲೆಕ್ಕವನ್ನು ಯಾರಾದರೂ ಒಬ್ಬರು ಇಟ್ಟುಕೊಳ್ಳಬೇಕಾಗುತ್ತೆ. ನನ್ನ ಗೆಳೆಯನ ಟ್ರಂಕ್ ಅಟ್ಟದ ಮೇಲೇ ಇರಲಿ. ಮುಂದಿನ ಯುಗಾದಿಗೆ ಅವನ ಹೆಂಡತಿಗೆ ನಾನೇ ಫೋನ್ ಮಾಡಿ ಹೇಳ್ತೀನಿ.