ಸ್ವಾಮಿಯ ಬೇಸಗೆ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡ ಮನೆತನಗಳಿಗೆ ಬೇಸಗೆಯ ರಜೆಯೆಂಬುದು ಪಂಚಾಂಗದಲ್ಲಿಲ್ಲದ ಒಂದು ಹಬ್ಬವಾಗಿತ್ತು. ಪರೀಕ್ಷೆ ಮುಗಿಯುತ್ತಲೇ ಟ್ರಂಕು, ಹಾಸಿಗೆಯ ಸುರುಳಿ, ನೀರಿನ ಕೂಜ, ಬುತ್ತಿಯ ಗಂಟು ಸಿದ್ಧವಾಗುತ್ತಿದ್ದವು. ರೈಲು ತಾಂಡೂರನ್ನು ದಾಟಿ ಸೇಡಂ ಕಂಡಿತೆಂದರೆ ಮಕ್ಕಳಿಗೆ ಅಜ್ಜಿಯ ಮನೆಯೇ ಬಂದಂತೆ. ಇಂತಹ ಮನೆಗಳಲ್ಲಿ ಬೆಳೆದವರು ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ತಮ್ಮ ಬಾಲ್ಯದ ದಾಖಲೆಯೆಂಬಂತೆ ಕೈಗೆತ್ತಿಕೊಳ್ಳುವುದು ಸಹಜವೇ. ಆದರೆ ಓದಿ ಮುಗಿಸಿದ ಮೇಲೆ ವಾಚಕರಲ್ಲಿ ಒಮ್ಮತವಿರುವುದಿಲ್ಲ. ಒಬ್ಬರಿಗೆ ಅದು ಕಳೆದುಹೋದ ಸುಖದ ಮರುದರ್ಶನ. ಮತ್ತೊಬ್ಬರಿಗೆ ಬಾಲಕನೊಬ್ಬನ ಭಯದ ವೃತ್ತಾಂತ. ಇನ್ನೊಬ್ಬರು ಇದರಲ್ಲಿ ನಮ್ಮ ಮಾತೆಲ್ಲಿದೆ ಎಂದು ಕೇಳುತ್ತಾರೆ. ಒಂದೇ ಗ್ರಂಥ ಹೀಗೆ ಬೇರೆಬೇರೆಯಾಗಿ ಕಾಣುವುದಕ್ಕೆ ಕಾರಣ ಕೆಲಮಟ್ಟಿಗೆ ಗ್ರಂಥದಲ್ಲಿದೆ, ಹೆಚ್ಚಾಗಿ ವಾಚಕರಲ್ಲಿದೆ.

ನಾರಾಯಣರು ಇದನ್ನು ಆರಂಭಿಸಿದ್ದು 1930ರಲ್ಲಿ, ಬೆಂಗಳೂರಿನಲ್ಲಿ, ಅಜ್ಜಿ ಗೊತ್ತುಮಾಡಿಕೊಟ್ಟ ಶುಭದಿನದಂದು. ಇಂಗ್ಲೆಂಡಿನ ಪ್ರಕಾಶಕರಿಂದ ತಿರಸ್ಕೃತವಾಗುತ್ತ ಬಂದ ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡೆಂದು ಅವರು ಅಲ್ಲಿದ್ದ ಮಿತ್ರರಿಗೆ ಬರೆದರು. ಮಿತ್ರರು ಹಾಗೆ ಮಾಡದೆ ಅದನ್ನು ಗ್ರಹಾಂ ಗ್ರೀನರಿಗೆ ತೋರಿಸಿದ್ದರಿಂದ 1935ರಲ್ಲಿ ಪುಸ್ತಕ ಹೊರಬಂದಿತು. ಮೊದಲಲ್ಲಿ ಅದು ಮಾರಾಟವಾದದ್ದು ಅಲ್ಪವೇ.

ಈಗ ಗ್ರಂಥದೊಳಗಿನ ಬೇಸಗೆಯನ್ನು ನೋಡಬೇಕು. ಸುಖಸ್ಮರಣೆಯ ಪಕ್ಷದವರು ಗಮನಿಸದೆ ಬಿಡುವ ಸಂಗತಿಯೊಂದಿದೆ: ಸ್ವಾಮಿ ರಜೆಯಲ್ಲಿ ಯಾವ ಊರಿಗೂ ಹೋಗುವುದಿಲ್ಲ. ಅವನಿಗೆ ಅಜ್ಜಿಯಿದ್ದಾಳೆ, ಆದರೆ ಅದೇ ಮನೆಯಲ್ಲಿ. ಮಾವಿನ ತೋಪು, ಹೊಳೆದಂಡೆಯ ಹಳ್ಳಿ, ಸೋದರಮಾವನ ಹೊಲ ಇವಾವುವೂ ಇಲ್ಲಿಲ್ಲ. ಬೇಸಗೆಯ ಮಾಲ್ಗುಡಿ ದಕ್ಷಿಣ ಭಾರತದಲ್ಲಿ ಜನ ಅತ್ಯಂತ ದ್ವೇಷಿಸುವ ಊರುಗಳಲ್ಲೊಂದೆಂದೂ, ನೆರಳಿನಲ್ಲಿಯೇ ಉಷ್ಣತೆ ಒಮ್ಮೊಮ್ಮೆ 110 ಡಿಗ್ರಿ ಫ್ಯಾರನ್‌ಹೀಟನ್ನು ಮೀರುವುದೆಂದೂ ಲೇಖಕರೇ ಹೇಳುತ್ತಾರೆ. ಇದು ರಾಯಚೂರಿನ ಬೇಸಗೆ, ಮಲೆನಾಡಿನದಲ್ಲ. ಮಾವು ಬರುವುದೂ ತಂದೆ ಕೊಟ್ಟ ಲೆಕ್ಕದೊಳಗೆ ಮಾತ್ರ: ಹತ್ತು ಹಣ್ಣಿಗೆ ಹದಿನೈದು ಆಣೆಯಾದರೆ ನಾಲ್ಕು ಹಣ್ಣಿಗೆಷ್ಟು? ಆರಾಣೆಯೆಂದು ಲೆಕ್ಕ ಬಲ್ಲವರು ಥಟ್ಟನೆ ಹೇಳಬಹುದು. ಸ್ವಾಮಿಗೆ ಮಾತ್ರ ಆ ಹಣ್ಣುಗಳು ಮಾಗಿದ್ದವೆ, ಕಾಯಿಯಾಗಿದ್ದವೆ ಎಂಬುದೇ ಮೊದಲು ತಿಳಿಯಬೇಕು. (ಹಣ್ಣಿನ ಪೇಟೆಯನ್ನು ಕಂಡವರು ಪ್ರಶ್ನೆ ಅಸಂಗತವೆನ್ನಲಾರರು.) ವಾಚಕರಲ್ಲಿ ಒಬ್ಬರು ಇಲ್ಲಿ ನಗುತ್ತಾರೆ, ಕೋಣೆಯಲ್ಲಿ ತಂದೆಯ ಎದುರು ನಿಂತು ಮಗ್ಗಿ ಒಪ್ಪಿಸಿದ ನೆನಪಿರುವವರಿಗೆ ನಗೆ ಅಷ್ಟು ಸುಲಭವಾಗಿ ಬಾರದು.

ಇದಕ್ಕಿಂತ ಕಠಿನವಾದದ್ದು ಬಂಡಿಯ ಪ್ರಸಂಗ. ಬಿಸಿಲಿನಲ್ಲಿ ಮಾಡಲು ಬೇರೇನೂ ತೋರದ ಮೂವರು ಗೆಳೆಯರು ಹಳ್ಳಿಯಿಂದ ಗಾಡಿ ಹೊಡೆದುಕೊಂಡು ಬರುತ್ತಿದ್ದ ಕರುಪ್ಪನ್ ಎಂಬ ಹುಡುಗನನ್ನು ತಡೆಯುತ್ತಾರೆ. ಪೊಲೀಸ್ ಸೂಪರಿಂಟೆಂಡೆಂಟರ ಮಗನಾದ ರಾಜಮ್ ಸರಕಾರದವನಂತೆ ನಟಿಸಿ, ಸೇತುವೆ ದುರ್ಬಲವೆಂದು ಹೇಳಿ ಅವನನ್ನು ಅಂಜಿಸುತ್ತಾನೆ. ಪಟ್ಟಣದಲ್ಲಿ ಹುಟ್ಟಿದವರಿಗೆ ಇದು ತುಂಟಾಟ. ಆದರೆ ಕಂದಾಯದವರನ್ನೂ ಪೊಲೀಸರನ್ನೂ ಕಂಡು ತಂದೆ ರುಮಾಲು ತೆಗೆದು ನಿಂತದ್ದನ್ನು ನೋಡಿ ಬೆಳೆದ ವಾಚಕರು ಗಾಡಿಯ ಮೇಲೆ ಕುಳಿತೇ ಈ ಪುಟವನ್ನು ಓದುತ್ತಾರೆ. ಒಂದೇ ಮಧ್ಯಾಹ್ನ ಇಬ್ಬರಿಗೆ ಎರಡು ಬೇಸಗೆಗಳಾಗುತ್ತವೆ. ಈ ಪ್ರಸಂಗವನ್ನು ಮರೆತು ಪುಸ್ತಕವನ್ನು ಬರಿಯ ಸವಿನೆನಪೆಂದು ಹೊಗಳುವವರ ಓದು ಅರ್ಧವೇ ಸರಿ.

ಹೈದರಾಬಾದಿನ ಹಳೆಯ ತಲೆಮಾರಿನ ಕನ್ನಡಿಗರಿಗೆ ಮತ್ತೊಂದು ಕಾರಣವೂ ಇತ್ತು. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಂದ ನಿಜಾಮರ ಕಾಲದಲ್ಲಿ ಬಂದವರು ತಮ್ಮ ರಾಜಧಾನಿಗೇ ಬಂದವರು. 1956ರ ನವೆಂಬರ್ 1ರಂದು ಅವರು ಕದಲಲಿಲ್ಲ, ಗಡಿ ಕದಲಿತು. ಕಾದಂಬರಿಯಲ್ಲಿ 1930ರ ಆಗಸ್ಟಿನ ಸಭೆಯ ಪ್ರಭಾವದಿಂದ ಸ್ವಾಮಿ ಶಾಲೆಯ ಕಿಟಕಿಯ ಗಾಜೊಡೆದು, ಬೆತ್ತದ ಏಟು ತಿಂದು, ಶಾಲೆಯನ್ನೇ ಬಿಟ್ಟು ಓಡುತ್ತಾನೆ. 1938ರಲ್ಲಿ ವಂದೇಮಾತರಂ ಹಾಡಿದ್ದಕ್ಕಾಗಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಹೊರಹಾಕಲ್ಪಟ್ಟುದನ್ನು ಬಲ್ಲ ಮನೆಗಳಲ್ಲಿ ಆ ಅಧ್ಯಾಯಕ್ಕೆ ಬೇರೆಯೇ ತೂಕ.

ಹಾಗಾದರೆ ಆ ಮಾಧುರ್ಯ ಎಲ್ಲಿಂದ ಬಂದಿತು? ಒಂದು ಭಾಗ ದೂರದರ್ಶನದಿಂದ. 1986–87ರಲ್ಲಿ ಶಂಕರ ನಾಗ್ ಅವರು ‘ಮಾಲ್ಗುಡಿ ಡೇಸ್’ ಮಾಲಿಕೆಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದರು. ಸ್ವಾಮಿಯ ಕಥೆಯೂ ಅದರಲ್ಲಿ ಸೇರಿತ್ತು. ಕಾದ ಧೂಳಿನ ಊರು ಒಮ್ಮೆಗೇ ಹೆಂಚಿನ ಮನೆಗಳ, ಹಸಿರಿನ, ಮಳೆಯ ಊರಾಯಿತು. ಮಾಸ್ಟರ್ ಮಂಜುನಾಥನ ಮುಖವೂ ಎಲ್. ವೈದ್ಯನಾಥನ್ ಅವರ ರಾಗವೂ ಮನಸ್ಸಿನಲ್ಲಿ ನಿಂತ ಮೇಲೆ, 110 ಡಿಗ್ರಿಯ ವಾಕ್ಯವನ್ನು ಕಣ್ಣು ಹಾಯ್ದು ಹೋಗುತ್ತದೆ. ಇನ್ನೊಂದು ಭಾಗವನ್ನು ಲೇಖಕರ ಜೀವನವೇ ಒದಗಿಸುತ್ತದೆ. ನಾರಾಯಣರು ಬಾಲ್ಯದಲ್ಲಿ ಮದರಾಸಿನ ಅಜ್ಜಿಯ ಮನೆಯಲ್ಲಿ ಬೆಳೆದರು; ಮೈಸೂರು ಸಂಸ್ಥಾನದಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ತಂದೆಯ ಬಳಿಗೆ ಅವರು ಬರುತ್ತಿದ್ದುದು ಬಹುಮಟ್ಟಿಗೆ ರಜೆಯಲ್ಲಿ. ಎಲ್ಲರೂ ಅಜ್ಜಿಯ ಮನೆಗೆ ಹೋದರೆ ಇವರು ಅಜ್ಜಿಯ ಮನೆಯಿಂದ ತಾಯಿಯ ಬಳಿಗೆ ಹೋಗುತ್ತಿದ್ದರು. ತಮ್ಮ ಆ ಪ್ರಯಾಣವನ್ನು ಅವರು ಸ್ವಾಮಿಗೆ ಕೊಡಲಿಲ್ಲವೆಂಬುದು ಗಮನಾರ್ಹ.

ಭಾಷೆಯ ಆಕ್ಷೇಪ ನ್ಯಾಯವಾದುದೇ, ಆದರೆ ಗಡಿಬಿಡಿಯದು. ಮನೆಮಾತು ತಮಿಳಾದ ಲೇಖಕರು ಕನ್ನಡ ನಾಡಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆದುದನ್ನು ಎಚ್. ವೈ. ಶಾರದಾಪ್ರಸಾದರು ಕನ್ನಡಕ್ಕೆ ತಂದರು. ಹೈದರಾಬಾದಿನ ಕನ್ನಡ ಮನೆಯೊಂದರಲ್ಲಿ ಒಂದು ದಿನಕ್ಕೆ ಆಡುವ ಭಾಷೆಗಳನ್ನೆಣಿಸಿದವರು ಲೇಖಕರ ಮೇಲೆ ಹೆಚ್ಚು ಮುನಿಯಲಾರರು.

ಭಿನ್ನಾಭಿಪ್ರಾಯ ಉಳಿಯುವುದು ಕೊನೆಯ ಪುಟದಲ್ಲಿ. ತಂದೆಗೆ ವರ್ಗವಾದುದರಿಂದ ರಾಜಮ್ ಊರು ಬಿಡುತ್ತಾನೆ. ಮುನಿದಿದ್ದ ಗೆಳೆಯನಿಗೆ ಪುಸ್ತಕವೊಂದನ್ನು ಕೊಡಲು ಸ್ವಾಮಿ ನಿಲ್ದಾಣಕ್ಕೆ ಓಡುತ್ತಾನೆ. ಪುಸ್ತಕ ಗಾಡಿಯೊಳಗೆ ಹೋಗುತ್ತದೆ, ಕ್ಷಮೆ ದೊರೆತುದೋ ಇಲ್ಲವೋ ತಿಳಿಯುವುದಿಲ್ಲ. ಊರು ಬಿಟ್ಟು ಬಂದ ಹಿರಿಯರು ಇಲ್ಲಿ ತಮ್ಮನ್ನು ಸ್ವಾಮಿಯೆಂದೇ ತಿಳಿಯುತ್ತಾರೆ. ಬ್ಯಾಂಕಿನವರ, ರೈಲ್ವೆಯವರ, ಕೇಂದ್ರ ಸರಕಾರದ ನೌಕರರ ಮಕ್ಕಳಾಗಿ ನಾಲ್ಕೈದು ಶಾಲೆಗಳನ್ನು ಬದಲಿಸಿ ಬೆಳೆದವರಿಗೆ ಮಾತ್ರ ಆ ಸ್ಥಾನವಿಲ್ಲ. ಅವರು ಈ ಪುಟವನ್ನು ಓದುವುದು ರೈಲಿನ ಕಿಟಕಿಯ ಒಳಗಿನಿಂದ, ರಾಜಮ್‌ನ ಪಕ್ಕದಲ್ಲಿ ಕುಳಿತು.