‘ಎಲ್ಲಿ’ ಎಂಬುದರ ವ್ಯಾಸಂಗ

ನಮ್ಮ ನಾಡಿನ ಒಂದು ವಿಶ್ವವಿದ್ಯಾನಿಲಯದ ಭೂಗೋಳ ವಿಭಾಗದಲ್ಲಿ, ಶ್ರಾವಣದ ಒಂದು ಮಧ್ಯಾಹ್ನ, ಬೆಂಗಳೂರಿನ ಸೆರಗಿನ ಕೆರೆಯೊಂದು ಉತ್ತರಧ್ರುವದ ಸಮೀಪದ ಸಮುದ್ರಕ್ಕೆ ಹೋಗಿ ಬಿದ್ದುದನ್ನು ನಾನು ಕಣ್ಣಾರೆ ಕಂಡೆನು. ಎಂ.ಎಸ್‌ಸಿ. ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ತಾನು ಸುತ್ತಾಡಿ ಗುರುತಿಸಿ ತಂದ ಕೆರೆಗಳ ಪಟ್ಟಿಯನ್ನು ಗಣಕಕ್ಕೆ ಊಡಿಸುವಾಗ ಅಕ್ಷಾಂಶದ ಅಂಕಣದಲ್ಲಿ ರೇಖಾಂಶವನ್ನೂ ರೇಖಾಂಶದ ಅಂಕಣದಲ್ಲಿ ಅಕ್ಷಾಂಶವನ್ನೂ ತುಂಬಿದ್ದಳು. ಸುಮಾರು 13 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವದಲ್ಲಿ ಇರಬೇಕಾಗಿದ್ದ ನೀರು 77 ಡಿಗ್ರಿ ಉತ್ತರ, 13 ಡಿಗ್ರಿ ಪೂರ್ವಕ್ಕೆ ಸರಿದು, ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಶೀತಲ ಸಮುದ್ರದಲ್ಲಿ ಒಂದು ನೀಲಿ ಚುಕ್ಕೆಯಾಗಿ ತೇಲುತ್ತಿದ್ದಿತು. ಗಣಕವಾದರೋ ಚಕಾರವೆತ್ತಲಿಲ್ಲ, ಆ ಕೆರೆಗೂ ಅದರ ಪಕ್ಕದ ಹಳ್ಳಿಗೂ ನಡುವಿನ ದೂರವನ್ನು ದಶಾಂಶದ ಆರು ಸ್ಥಾನಗಳವರೆಗೆ ಲೆಕ್ಕಹಾಕಿ ಗಂಭೀರವಾಗಿ ಒಪ್ಪಿಸಿತು. “ವರ್ಷಕ್ಕೊಬ್ಬರಾದರೂ ಆ ಸಮುದ್ರಕ್ಕೆ ಹೋಗಿ ಬರುತ್ತಾರೆ,” ಎಂದು ಅಧ್ಯಾಪಕರು ನಕ್ಕರು.

ಆಕೆ ಕಲಿಯುತ್ತಿದ್ದ ವಿದ್ಯೆಗೆ ಭೌಗೋಳಿಕ ಮಾಹಿತಿ ವ್ಯವಸ್ಥೆಯೆಂದು ಹೆಸರು. ಬಳಕೆಯಲ್ಲಿ ಜಿಐಎಸ್ ಎನ್ನುವರು. ಹೆಸರಿನ ಭಾರಕ್ಕೆ ಅಂಜಬೇಕಾದುದಿಲ್ಲ. ನಮ್ಮ ಕಂದಾಯದ ದಫ್ತರದಲ್ಲಿ ಬಹುಕಾಲದಿಂದ ಎರಡು ಬಗೆಯ ಕಾಗದಗಳು ಇದ್ದೇ ಇವೆ: ಒಂದು, ಹೊಲಹೊಲದ ಎಲ್ಲೆಯನ್ನು ಗೆರೆಯಲ್ಲಿ ಕಾಣಿಸುವ ಗ್ರಾಮನಕ್ಷೆ, ಮತ್ತೊಂದು, ಆ ಹೊಲ ಯಾರದು, ಎಷ್ಟು, ಖುಷ್ಕಿಯೋ ತರಿಯೋ ಬಾಗಾಯ್ತೋ ಎಂಬುದನ್ನು ಸಾಲಿನಲ್ಲಿ ಬರೆದಿಡುವ ಪಹಣಿ. ಈ ಎರಡಕ್ಕೂ ಬಿಡಿಸಲಾಗದ ಗಂಟುಹಾಕಿ, ನಕ್ಷೆಯಲ್ಲಿ ಹೊಲವನ್ನು ಮುಟ್ಟಿದೊಡನೆ ಅದರ ಪಹಣಿ ತೆರೆಯುವಂತೆಯೂ, ಪಹಣಿಯಲ್ಲಿ ತರಿ ಜಮೀನುಗಳು ಯಾವುವೆಂದು ಕೇಳಿದೊಡನೆ ನಕ್ಷೆಯಲ್ಲಿ ಅಷ್ಟೂ ಹೊಲಗಳು ಬೆಳಗುವಂತೆಯೂ ಮಾಡಿದರೆ ಜಿಐಎಸ್‌ನ ಬೀಜ ಸಿದ್ಧವಾದಂತೆಯೇ. ಅದರ ಮೇಲೆ ಮಣ್ಣಿನದೊಂದು, ಮಳೆಯದೊಂದು, ಕಾಲುವೆಗಳದೊಂದು, ಕೊಳವೆಬಾವಿಗಳದೊಂದು ಎಂದು ಲೇಯರುಗಳನ್ನು ಹಾಸುತ್ತ ಹೋಗಿ, ಕಾಲುವೆಯಿಂದ ಅರ್ಧ ಮೈಲಿಯೊಳಗಿದ್ದೂ ಕೊಳವೆಬಾವಿಯನ್ನೇ ನಂಬಿದ ಹೊಲಗಳು ಎಷ್ಟು, ಅವು ಚದುರಿವೆಯೋ ಒಂದೆಡೆ ಗುಂಪುಗೂಡಿವೆಯೋ, ಗುಂಪುಗೂಡಿದ್ದರೆ ಅದು ಆಕಸ್ಮಿಕವೋ ಸಕಾರಣವೋ ಎಂದು ವಿಚಾರಿಸುವುದಕ್ಕೆ ಪ್ರಾದೇಶಿಕ ವಿಶ್ಲೇಷಣೆಯೆಂದು ಹೆಸರು.

ಈ ವಿದ್ಯೆ ಹುಟ್ಟಿದುದು ಯಂತ್ರವ್ಯಾಮೋಹದಿಂದಲ್ಲ, ಕೂಲಿಯ ಲೆಕ್ಕದಿಂದ. ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ರಾಜರ್ ಟಾಮ್ಲಿನ್ಸನ್ ಎಂಬ ಭೂಗೋಳಜ್ಞರು 1960ರ ಸುಮಾರಿನಲ್ಲಿ ಒಟ್ಟಾವಾದ ವಿಮಾನಸಮೀಕ್ಷೆಯ ಕಂಪನಿಯೊಂದರಲ್ಲಿದ್ದಾಗ, ಕೀನ್ಯಾ ದೇಶದಲ್ಲಿ ಮರಗಳ ತೋಪು ಬೆಳೆಸಲು ತಕ್ಕ ಸ್ಥಳವನ್ನು ಹುಡುಕುವ ಕೆಲಸ ಬಂದಿತು. ನೆಲದ ಇಳಿಜಾರು, ಮಣ್ಣು, ಹವೆ, ದಾರಿ ಇವೊಂದೊಂದನ್ನೂ ಪ್ರತ್ಯೇಕ ನಕ್ಷೆಯಾಗಿ ಬರೆದು, ಒಂದರ ಮೇಲೊಂದಿಟ್ಟು, ಕೈಯಿಂದಲೇ ಅಳೆಯಬೇಕಾದರೆ ತಗಲುವ ಖರ್ಚು ಯಾರಿಗೂ ಒಪ್ಪಿಗೆಯಾಗದಷ್ಟು ಬೆಳೆದುದರಿಂದ ಆ ಕೆಲಸವೇನೋ ಕೈಬಿಟ್ಟುಹೋಯಿತು. ಗೆರೆಗಳನ್ನು ಅಂಕಿಗಳಾಗಿಸಿ ಗಣಕಕ್ಕೆ ಒಪ್ಪಿಸಿದರೆ ಹೇಗೆಂಬ ಯೋಚನೆ ಮಾತ್ರ ಅವರನ್ನು ಬಿಡಲಿಲ್ಲ. 1962ರಲ್ಲಿ, ವಿಮಾನವೊಂದರಲ್ಲಿ ಅವರ ಪಕ್ಕದ ಆಸನದಲ್ಲಿ ಕುಳಿತಿದ್ದವರು, ಕೆನಡಾದ ನೆಲದ ಯೋಗ್ಯತೆಯನ್ನೆಲ್ಲ ಪಟ್ಟಿಮಾಡುವ ಹೊಣೆ ಹೊತ್ತಿದ್ದ ಲೀ ಪ್ರ್ಯಾಟ್ ಎಂಬ ಸರ್ಕಾರಿ ಅಧಿಕಾರಿ. ಆ ಮಾತುಕತೆಯೇ ಬೆಳೆದು ಜಗತ್ತಿನ ಮೊದಲ ಜಿಐಎಸ್ ಆಯಿತು. ವಿಶ್ವವಿದ್ಯಾನಿಲಯಗಳ ಪೈಕಿ ಹಾರ್ವರ್ಡ್ ಇದಕ್ಕೆ ಮನೆಮಾಡಿಕೊಟ್ಟುದು 1965ರಲ್ಲಿ, ಹೊವರ್ಡ್ ಫಿಷರ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ. ಅವರ ಸೈಮ್ಯಾಪ್ ಎಂಬ ಕ್ರಮವಿಧಿಯು ಅಚ್ಚಿನ ಯಂತ್ರದಲ್ಲಿ ಅಕ್ಷರದ ಮೇಲೆ ಅಕ್ಷರವನ್ನು ಒತ್ತಿ ಕಪ್ಪಿನ ಗಾಢತೆಯನ್ನು ತರುತ್ತಿದ್ದಿತು. ರಂಗೋಲಿಯ ಚುಕ್ಕಿಯನ್ನು ಬಲ್ಲವರು ಅದನ್ನು ಕಂಡು ಬೆರಗಾಗಲಾರರು.

ತರಗತಿಯ ಮೊದಲ ಪಾಠ ಬಹುತೇಕ ಎಲ್ಲೆಡೆಯೂ 1854ರ ಲಂಡನ್ನಿನ ಕಾಲರಾ. ಡಾಕ್ಟರ್ ಜಾನ್ ಸ್ನೋ ನಕ್ಷೆ ಬರೆದು ರೋಗದ ಮೂಲವಾದ ಬ್ರಾಡ್ ಸ್ಟ್ರೀಟಿನ ಪಂಪನ್ನು ಕಂಡುಹಿಡಿದರೆಂದು ಕಥೆ ಹೇಳುವುದುಂಟು. ಒಳ್ಳೆಯ ಅಧ್ಯಾಪಕರು ಅದನ್ನು ಅಲ್ಲಿಯೇ ತಿದ್ದುತ್ತಾರೆ: ಪಂಪಿನ ಹಿಡಿಯನ್ನು ಕಳಚಿದುದು ಸೆಪ್ಟೆಂಬರ್ 8ರಂದು, ನಕ್ಷೆ ಜನರ ಮುಂದೆ ಬಂದುದು ಆಮೇಲೆ, ಮೊದಲು ನಡೆದುದು ಮನೆಮನೆಯ ಬಾಗಿಲಲ್ಲಿ ನಿಂತು ‘ಯಾವ ನೀರು ಕುಡಿದಿರಿ’ ಎಂದು ಕೇಳಿದ ವಿಚಾರಣೆ. ನಕ್ಷೆಗೆ ಇರುವುದಕ್ಕಿಂತ ಹೆಚ್ಚಿನ ಗೌರವವನ್ನು ಸಲ್ಲಿಸದಿರುವುದು ಈ ವ್ಯಾಸಂಗದ ಅರ್ಧ ಭಾಗವೆಂದು ನನಗೆ ತೋರುತ್ತದೆ.

ನಕ್ಷೆಯನ್ನು ಹೀಗೆ ಸಂಶಯದಿಂದ ನೋಡುವುದನ್ನು ಕಲಿಸುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಉಪಗ್ರಹದ ಚಿತ್ರವೆಂದರೆ ನೆಲದ ಛಾಯಾಚಿತ್ರವಲ್ಲ, ಚೌಕಗಳ ಒಂದು ಕೋಷ್ಟಕ. ಒಂದೊಂದು ಪಿಕ್ಸೆಲ್ಲೂ ತನ್ನ ಪಾಲಿನ ನೆಲದಲ್ಲಿ ಏನೇನಿದ್ದರೂ ಅದೆಲ್ಲವನ್ನೂ ಕಲಸಿ ಒಂದೇ ಅಂಕಿಯಾಗಿ ಹೇಳುತ್ತದೆ. ಯೂರೋಪಿನ ಸೆಂಟಿನೆಲ್-2 ಉಪಗ್ರಹದ ಅತ್ಯಂತ ಸೂಕ್ಷ್ಮವಾದ ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಗುಂಟೆಯಾದರೋ 33 ಅಡಿ ಉದ್ದಗಲದ ಚೌಕ, ಎಂದರೆ 101 ಚದರ ಮೀಟರಿಗೆ ತುಸು ಹೆಚ್ಚು. ಯೂರೋಪಿನವರು ಮೀಟರಿನ ಲೆಕ್ಕದಲ್ಲಿ ಕತ್ತರಿಸಿದ ಚೌಕ ನಮ್ಮ ಶಾನುಭೋಗರ ಗುಂಟೆಗೆ ಇಷ್ಟು ಸರಿಹೊಂದಿದುದು ಕಾಕತಾಳೀಯ. ಆದರೆ ರೈತರ ಮನೆಯಿಂದ ಬಂದ ವಿದ್ಯಾರ್ಥಿಗೆ ಇದನ್ನು ಹೇಳಿದ ಕ್ಷಣದಲ್ಲಿ ಪಿಕ್ಸೆಲ್ ಅವನ ಕೈವಶವಾಗುತ್ತದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚೌಕ 30 ಮೀಟರಿನದು, ಸುಮಾರು ಒಂಬತ್ತು ಗುಂಟೆ. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ನಮ್ಮದೇ ಐಆರ್‌ಎಸ್-1ಎ ಉಪಗ್ರಹದ ಎರಡು ಬಗೆಯ ಕಣ್ಣುಗಳಲ್ಲಿ ಮಂದವಾದುದರ ಚೌಕ 72.5 ಮೀಟರಿನದು, ಲೆಕ್ಕ ಹಾಕಿದರೆ ಒಂದು ಎಕರೆ ಹನ್ನೆರಡು ಗುಂಟೆ. ಅಷ್ಟು ನೆಲದಲ್ಲಿ ಒಂದು ಮನೆ, ಕಣ, ನಾಲ್ಕು ಹುಣಿಸೆಮರ, ಅರ್ಧ ರಾಗಿ, ಅರ್ಧ ಅವರೆ ಇದ್ದರೂ ಆ ಕಣ್ಣಿಗೆ ಅದೆಲ್ಲ ಒಂದೇ ಬಣ್ಣ.

ಭೂಮಿಯ ಗುಂಡನ್ನು ಚಪ್ಪಟೆ ಹಾಳೆಗೆ ಇಳಿಸುವ ಪ್ರಕ್ಷೇಪಗಳ ಪಾಠದಲ್ಲಿ ವಿದ್ಯಾರ್ಥಿಗಳು ತೂಕಡಿಸುವುದು ಸ್ವಾಭಾವಿಕ; ಕೋಲಾರ ಬರುವವರೆಗೆ ಮಾತ್ರ. ಜಗತ್ತನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಸೀಳಿರುವ ಯುಟಿಎಂ ಎಂಬ ಪ್ರಸಿದ್ಧ ಪದ್ಧತಿಯಲ್ಲಿ 43ನೆಯ ಪಟ್ಟಿ ಮುಗಿದು 44ನೆಯದು ತೊಡಗುವುದು 78 ಡಿಗ್ರಿ ರೇಖಾಂಶದಲ್ಲಿ. ಆ ರೇಖೆಯೋ ಮಾಲೂರನ್ನು ಪಶ್ಚಿಮಕ್ಕೂ ಕೋಲಾರವನ್ನು ಪೂರ್ವಕ್ಕೂ ಬಿಟ್ಟು ಸಾಗುತ್ತದೆ. ಕರ್ನಾಟಕದ ಬಹುಭಾಗವನ್ನು ಒಂದು ಪಟ್ಟಿಯಲ್ಲಿಟ್ಟು ಕೆಲಸಮಾಡುವವನು ಕೋಲಾರಕ್ಕೆ ಬಂದಾಗ ಎಚ್ಚರ ತಪ್ಪಿದರೆ, ಒಂದೇ ಜಿಲ್ಲೆಯ ಎರಡು ಊರುಗಳು ಎರಡು ಬೇರೆ ಹಾಳೆಗಳ ಅಂಕಿಗಳಲ್ಲಿ ನಿಂತು ಪರಸ್ಪರ ಗುರುತು ಹಿಡಿಯದಂತಾಗುತ್ತವೆ. ಹಳೆಯ ಸರ್ವೆ ನಕ್ಷೆಗಳ ತೊಡಕು ಇನ್ನೊಂದು ತೆರನಾದುದು. 1800ರಲ್ಲಿ ಬೆಂಗಳೂರಿನ ಬಳಿ ಸರಪಣಿ ಎಳೆದು ಆಧಾರರೇಖೆಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್ನರ ಪರಂಪರೆಯ ನಕ್ಷೆಗಳು, ಅವರ ಬಳಿಕ ಆ ಸರ್ವೆಯನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟರು ಗಣಿಸಿದ ಭೂಗೋಲದ ಆಕಾರವನ್ನು ನಂಬಿಕೊಂಡಿವೆ; ಇಂದಿನ ಜಿಪಿಎಸ್ ನಂಬುವುದು ಬೇರೊಂದು ಆಕಾರವನ್ನು. ಪರಿವರ್ತನೆ ಮಾಡದೆ ಒಂದರ ಮೇಲೊಂದನ್ನಿಟ್ಟರೆ ಬಾಂದುಕಲ್ಲು ನೂರಾರು ಅಡಿ ಜಾರುತ್ತದೆ; ಬಾಂದುಕಲ್ಲು ಒಂದು ಮೊಳ ಜಾರಿದುದಕ್ಕೆ ಎರಡು ತಲೆಮಾರು ಕೋರ್ಟು ಹತ್ತಿದವರನ್ನು ನಾವು ಬಲ್ಲೆವು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಪಾಠ ಕೆರೆಯದು. ನೆಲದ ಎತ್ತರವನ್ನು ಚೌಕಚೌಕವಾಗಿ ಬರೆದ ಮಾದರಿಯಿಂದ, ನೀರು ಯಾವ ಕಡೆಗೆ ಹರಿಯುವುದೆಂದು ಗಣಕ ತಾನೇ ಲೆಕ್ಕಹಾಕಿ ಹಳ್ಳಕೊಳ್ಳಗಳನ್ನು ಎಳೆಯಬಲ್ಲುದು. ಬೆಂಗಳೂರಿನ ನಡುದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಹನಿ ವೃಷಭಾವತಿಯ ಮೂಲಕ ಅರ್ಕಾವತಿಗೂ ಕಾವೇರಿಗೂ, ಪೂರ್ವಕ್ಕೆ ಬಿದ್ದ ಹನಿ ದಕ್ಷಿಣ ಪಿನಾಕಿನಿಗೂ ಸೇರುವುದನ್ನು ಅದು ಕೆಲವೇ ನಿಮಿಷಗಳಲ್ಲಿ ತೋರಿಸೀತು. ಆದರೆ ಲೆಕ್ಕಕ್ಕೆ ಮುಂಚೆ ಒಂದು ಸಂಸ್ಕಾರವುಂಟು: ಎತ್ತರದ ಮಾದರಿಯಲ್ಲಿ ನೀರು ಹೊರಹೋಗಲಾಗದ ತಗ್ಗುಗಳನ್ನು ಅಳತೆಯ ದೋಷವೆಂದೆಣಿಸಿ ಅವನ್ನೆಲ್ಲ ತುಂಬಿ ಸಮಮಾಡುವುದು. ತಾನಾಗಿ ಹರಿದುಹೋಗುವ ನದಿಗಳ ದೇಶಕ್ಕೆ ಇದು ತಕ್ಕುದೇ. ಏರಿ ಕಟ್ಟಿ ನೀರು ನಿಲ್ಲಿಸಿದ ನಮ್ಮ ಮೈದಾನ ಸೀಮೆಯಲ್ಲಿ ಆ ದೋಷಗಳೇ ಕೆರೆಗಳು! ಒಂದು ಗುಂಡಿ ಒತ್ತಿದುದಕ್ಕೆ ತಾಲ್ಲೂಕಿನ ಕೆರೆಗಳೆಲ್ಲ ಮುಚ್ಚಿಹೋದುವು. ನಮ್ಮ ನಗರನಿರ್ಮಾಪಕರು ಲಾರಿಗಟ್ಟಲೆ ಮಣ್ಣು ಸುರಿದು ಹಲವು ವರ್ಷಗಳಲ್ಲಿ ಸಾಧಿಸಿದುದನ್ನು ಗಣಕ ಚಹ ಆರುವಷ್ಟರಲ್ಲಿ ಸಾಧಿಸಿದುದನ್ನು ಕಂಡು ತರಗತಿ ನಕ್ಕಿತು. ಯಾವ ತಗ್ಗು ದೋಷ, ಯಾವುದು ಪೂರ್ವಜರ ಕೃತಿ ಎಂಬುದನ್ನು ವಿಂಗಡಿಸಲು ವಿದ್ಯಾರ್ಥಿಗಳು ಆ ವಾರವಿಡೀ ಗ್ರಾಮನಕ್ಷೆಗಳನ್ನು ಹರಡಿಕೊಂಡು ಕುಳಿತರು.

ಭಾರತದಲ್ಲಿ ಈ ವಿದ್ಯೆಯ ಹಿರಿಯ ಮಠ ಡೆಹರಾಡೂನಿನದು. ನೆಹರೂ ಅವರು 1957ರಲ್ಲಿ ನೆದರ್‌ಲ್ಯಾಂಡ್ಸಿಗೆ ಹೋಗಿದ್ದಾಗ ಅಂಕುರಿಸಿದ ಆಲೋಚನೆಯಿಂದ, ಡಚ್ಚರ ಸಹಕಾರದೊಡನೆ, 1966ರಲ್ಲಿ ವಿಮಾನಚಿತ್ರಗಳನ್ನು ಓದುವುದನ್ನು ಕಲಿಸುವ ಸಂಸ್ಥೆಯಾಗಿ ಅದು ಆರಂಭವಾಯಿತು; ಇಂದು ಇಸ್ರೋದ ಅಂಗವಾಗಿ ಭಾರತೀಯ ದೂರಸಂವೇದಿ ಸಂಸ್ಥೆಯೆಂದು ಹೆಸರಾಗಿದೆ. ಆ ಸಂಸ್ಥೆ ಆರಂಭವಾದ ಕೆಲವೇ ವರ್ಷಗಳಲ್ಲಿ, 1970ರ ಸುಮಾರಿಗೆ, ವಿಜ್ಞಾನಿ ಪಿ.ಆರ್. ಪಿಷಾರಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಗೆಂಪು ಚಿತ್ರಗಳನ್ನು ತೆಗೆಸಿದರು. ಆರೋಗ್ಯವಂತ ಎಲೆ ನಮ್ಮ ಕಣ್ಣಿಗೆ ಕಾಣದ ಆ ಬೆಳಕನ್ನು ಹೇರಳವಾಗಿ ಹಿಂದಕ್ಕೆಸೆಯುತ್ತದೆ, ರೋಗ ತಗಲಿದುದು ಎಸೆಯಲಾರದೆ ಮಂಕಾಗುತ್ತದೆ. ಬೇರಿನ ಸೊರಗುರೋಗ ಹಿಡಿದ ಮರಗಳು ಚಿತ್ರದಲ್ಲಿ ಬೇರೆಯಾಗಿ ನಿಂತುವು. ನಮ್ಮ ದೂರಸಂವೇದನದ ಕಥೆ ತೆಂಗಿನಮರದಿಂದ ತೊಡಗಿತೆಂಬುದು ನನಗೆ ಪ್ರಿಯವಾದ ಸಂಗತಿ.

ಈ ವ್ಯಾಸಂಗಕ್ಕೆ ಬರುವವರು ಭೂಗೋಳ, ಭೂವಿಜ್ಞಾನ, ಸಿವಿಲ್ ಎಂಜಿನಿಯರಿಂಗ್, ಕೃಷಿ, ಅರಣ್ಯಶಾಸ್ತ್ರ, ಗಣಕಶಾಸ್ತ್ರ ಎಂದು ನಾನಾ ದಿಕ್ಕಿನವರು. ದುಬಾರಿ ತಂತ್ರಾಂಶವಿಲ್ಲವೆಂದು ಕೊರಗಬೇಕಾದ ಕಾಲ ಹೋಯಿತು. 2002ರಲ್ಲಿ ತೊಡಗಿದ ಕ್ಯೂಜಿಐಎಸ್ ತಂತ್ರಾಂಶ ಎಲ್ಲರಿಗೂ ಪುಕ್ಕಟೆ. ಕೊರಗಬೇಕಾದುದು ಬೇರೆ ಇದೆ. ಯಾವ ಮೆನುವಿನಲ್ಲಿ ಯಾವ ಗುಂಡಿ ಎಂಬುದನ್ನೇ ಎರಡು ವರ್ಷ ಉರುಹೊಡೆಸಿ, ಹೊಲದ ಬದುವನ್ನೊಮ್ಮೆಯೂ ಮೆಟ್ಟಿಸದೆ ಪದವಿ ಕೊಟ್ಟು ಕಳುಹಿಸುವ ಪಾಠಕ್ರಮವನ್ನೂ ನಾನು ಕಂಡಿದ್ದೇನೆ. ಅಲ್ಲಿಂದ ಬಂದವರ ನಕ್ಷೆಗಳು ಬಹು ಸುಂದರವಾಗಿರುತ್ತವೆ.

ಕಾರ್ತಿಕದಲ್ಲಿ ಆ ವಿದ್ಯಾರ್ಥಿನಿಯ ತಂಡದೊಡನೆ ನಾನೂ ಕೆರೆಯ ಏರಿಗೆ ಹೋಗಿದ್ದೆನು. ಧ್ರುವಪ್ರದೇಶದಿಂದ ಹಿಂದಿರುಗಿದ ಅದೇ ಕೆರೆ. ಅವಳು ಉಪಗ್ರಹದ ಚಿತ್ರದಿಂದ ಮಾಡಿದ ವರ್ಗೀಕರಣದಲ್ಲಿ ಏರಿಯ ಒಳಬದಿಯ ನೂರಿಪ್ಪತ್ತು ಚೌಕಗಳು, ಎಂದರೆ ಹೆಚ್ಚುಕಡಿಮೆ ಮೂರು ಎಕರೆ, ‘ಬೆಳೆ’ ಎಂದು ಹಸಿರಾಗಿದ್ದುವು. ಅವಗೆಂಪು ಬೆಳಕು ಅಷ್ಟು ಪ್ರಖರವಾಗಿ ಬಂದಿದ್ದುದರಿಂದ ಅವಳಿಗೆ ಸಂಶಯವೇ ಇರಲಿಲ್ಲ. ಏರಿಯ ಮೇಲೆ ಕುರಿ ಬಿಟ್ಟುಕೊಂಡು ನಿಂತಿದ್ದ ಮುದುಕರು ಅವಳ ಹಾಳೆಯನ್ನು ಇಣುಕಿ ನೋಡಿ, “ಅದು ಬೆಳೆ ಅಲ್ಲ ಕಣವ್ವ, ಅಂತರಗಂಗೆ. ಕೆಳಗೆ ನೀರೈತೆ,” ಎಂದು ಒಂದು ಕಲ್ಲನ್ನೆತ್ತಿ ಆ ಹಸಿರಿನ ನಡುವೆ ಎಸೆದರು. ಗುಳುಂ ಎಂದಿತು. ಅವಳು ‘ಬೆಳೆ’ ಎಂಬುದನ್ನು ಹೊಡೆದುಹಾಕಿ ‘ನೀರು’ ಎಂದು ಬರೆದಳು. ಬಳಿಕ ಜಿಪಿಎಸ್ ನೋಡಿ ಅಂಕಿಗಳನ್ನು ತುಂಬುವಾಗ, ಯಾವುದು ಅಕ್ಷಾಂಶದ ಅಂಕಣವೆಂದು ಎರಡು ಸಲ ಬೆರಳಿಟ್ಟು ನೋಡಿಕೊಂಡಳು.