ತೊಟ್ಟಿ ದೊಡ್ಡದು, ಪೀಠ ಚಿಕ್ಕದು

ಮೀನು ಸಾಕುವ ಹವ್ಯಾಸವುಳ್ಳ ಕೆಲವರು ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ತೊಟ್ಟಿಯಿಂದ ತೃಪ್ತರಾಗದೆ, ತಮ್ಮ ಮನೆಯ ಗೋಡೆಗೆ ಹೊಂದುವ ಅಳತೆ ಕೊಟ್ಟು ಗಾಜಿನ ತೊಟ್ಟಿಯನ್ನು ಮಾಡಿಸುವುದುಂಟು. ತೊಟ್ಟಿಯನ್ನು ಮಾಡುವವನು ಒಬ್ಬ, ಅದರ ಕಬ್ಬಿಣದ ಸ್ಟ್ಯಾಂಡನ್ನು ಬೆಸೆಯುವವನು ಮತ್ತೊಬ್ಬ. ಒಬ್ಬನು ಗಾಜಿನ ಒಳಗಿನ ಅಳತೆಯನ್ನು ಹಿಡಿದರೆ ಮತ್ತೊಬ್ಬನು ಹೊರಗಿನದನ್ನು ಹಿಡಿಯುತ್ತಾನೆ. ಕೊನೆಗೆ ಎರಡೂ ಮನೆಗೆ ಬಂದಾಗ ಪೀಠವು ತೊಟ್ಟಿಗಿಂತ ಒಂದೆರಡು ಸೆಂಟಿಮೀಟರು ಕಿರಿದಾಗಿರುತ್ತದೆ. ಅಂಚು ಹೊರಗೆ ಚಾಚಿಕೊಂಡಿರುವ ಇಂತಹ ತೊಟ್ಟಿಗೆ ನೀರು ತುಂಬಬಹುದೆ? "ಒಂದು ಬೆರಳಷ್ಟು ತಾನೆ, ಏನಾದೀತು?" ಎನ್ನುವವರಿದ್ದಾರೆ, "ಖಂಡಿತ ಕೂಡದು" ಎನ್ನುವವರೂ ಇದ್ದಾರೆ. ಇವರಲ್ಲಿ ಯಾರ ಮಾತನ್ನಾದರೂ ನಂಬುವ ಮೊದಲು ನಾವು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ತೊಟ್ಟಿಯ ಉದ್ದ 120, ಅಗಲ 45, ಎತ್ತರ 45 ಸೆಂಟಿಮೀಟರು ಎಂದೂ, ಗಾಜಿನ ದಪ್ಪ 10 ಮಿಲಿಮೀಟರು ಎಂದೂ ಇಟ್ಟುಕೊಳ್ಳೋಣ. ಪೀಠದ ಮೇಲ್ಭಾಗ 118ಕ್ಕೆ 43 ಸೆಂಟಿಮೀಟರು. ತೊಟ್ಟಿಯನ್ನು ಸರಿಯಾಗಿ ನಡುವೆ ಇಟ್ಟರೆ ನಾಲ್ಕು ಕಡೆಯೂ ಒಂದೊಂದು ಸೆಂಟಿಮೀಟರು ಹೊರಗುಳಿಯುತ್ತದೆ. 40 ಸೆಂಟಿಮೀಟರು ಎತ್ತರಕ್ಕೆ ನೀರು ತುಂಬಿದಾಗ ನೀರಿನ ತೂಕ ಸುಮಾರು 200 ಕಿಲೋಗ್ರಾಂ. ಗಾಜಿನದು 50. ತಳದ ಮರಳು, ಕಲ್ಲುಗಳದು ಮತ್ತೊಂದು 50. ಒಟ್ಟು 300 ಕಿಲೋಗ್ರಾಂ ಆಯಿತು. ಐದು ಮಂದಿ ವಯಸ್ಕರು ಆ ಪೀಠದ ಮೇಲೆ ಹಗಲಿರುಳೂ ನಿಂತಂತೆ. ಚಿಕ್ಕ ಮಕ್ಕಳು ಓಡಾಡುವ ಮನೆಯಲ್ಲಿ ಇದು ಹಗುರವಾಗಿ ಎಣಿಸತಕ್ಕ ಸಂಗತಿಯಲ್ಲ.

ಆದರೆ ತೂಕ ಎಷ್ಟೆಂಬುದಕ್ಕಿಂತ ಅದು ಎಷ್ಟು ಜಾಗದ ಮೇಲೆ ಬೀಳುತ್ತದೆಂಬುದೇ ಮುಖ್ಯ. 40 ಸೆಂಟಿಮೀಟರು ಆಳದ ನೀರು ತಳದ ಗಾಜಿನ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಒತ್ತುವುದು ಕೇವಲ 40 ಗ್ರಾಂ. ಅದೇ ಭಾರವು ಕೆಳಗಿಳಿದು, 35 ಮಿಲಿಮೀಟರು ಅಗಲ, 5 ಮಿಲಿಮೀಟರು ದಪ್ಪದ ಆಂಗಲ್ ಕಬ್ಬಿಣದ ನಾಲ್ಕು ಕಾಲುಗಳ ಮೂಲಕ ನೆಲವನ್ನು ಮುಟ್ಟುವಾಗ, ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 23 ಕಿಲೋಗ್ರಾಂ ಆಗುತ್ತದೆ. ಐನೂರು ಮಡಿಗೂ ಹೆಚ್ಚು! ಕಾಲಿನ ಕೆಳಗೆ ದಪ್ಪನಾದ ಬಿಲ್ಲೆಯನ್ನಿಡದಿದ್ದರೆ, ಅಡಿಯಲ್ಲಿ ಪೊಳ್ಳಿರುವ ನೆಲದ ಟೈಲ್ಸ್ ಬಿರಿಯುವುದರಲ್ಲಿ ಆಶ್ಚರ್ಯವೇನಿದೆ?

ಇದೇ ವಿಚಾರವನ್ನು ತೊಟ್ಟಿಯ ತಳಕ್ಕೂ ಅನ್ವಯಿಸಬೇಕು. ಗಾಜನ್ನು ಒತ್ತಿದರೆ ಅದು ಬಹಳ ತಾಳುತ್ತದೆ, ಎಳೆದರೆ ತಾಳದು. ಬಾಗಿಸಿದಾಗ ಅದರ ಒಂದು ಮೈ ಒತ್ತಲ್ಪಟ್ಟು ಇನ್ನೊಂದು ಮೈ ಎಳೆಯಲ್ಪಡುತ್ತದೆ. ಎಳೆತಕ್ಕೊಳಗಾದ ಮೈಯಲ್ಲಿಯೇ ಬಿರುಕು ಹುಟ್ಟುವುದು. ಇಂಗ್ಲೆಂಡಿನ ಗ್ರಿಫಿತ್ ಎಂಬ ವಿಜ್ಞಾನಿಯು 1921ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಇದರ ಮರ್ಮವನ್ನು ಬಿಡಿಸಿದನು. ಅಣುಗಳ ನಡುವಣ ಆಕರ್ಷಣೆಯಿಂದ ಲೆಕ್ಕ ಹಾಕಿದರೆ ಗಾಜಿಗೆ ಎಷ್ಟು ಬಲವಿರಬೇಕೋ, ನಿಜವಾಗಿ ಅದರಲ್ಲೊಂದು ಸಣ್ಣ ಅಂಶ ಮಾತ್ರ ಇರುತ್ತದೆ. ಏಕೆಂದರೆ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳು ಅದರ ಮೈಮೇಲೆ ಮೊದಲೇ ಇರುತ್ತವೆ, ಮತ್ತು ಎಳೆತವೆಲ್ಲ ಆ ಬಿರುಕುಗಳ ತುದಿಯಲ್ಲಿ ಕೂಡಿಕೊಳ್ಳುತ್ತದೆ. ಕಬ್ಬಿಣವಾದರೋ ಮುರಿಯುವ ಮೊದಲು ಬಾಗಿ ಮುನ್ಸೂಚನೆ ಕೊಡುತ್ತದೆ. ಗಾಜಿಗೆ ಆ ಸೌಜನ್ಯವಿಲ್ಲ.

ಆದುದರಿಂದ ತಳದ ಗಾಜಿನ ಕೆಳಗೆ ಸಿಕ್ಕಿದ ಒಂದು ಮರಳಿನ ಕಣ, ಅಥವಾ ಬೆಸುಗೆಯ ಗಂಟು, ಒಂದು ಸೆಂಟಿಮೀಟರಿನ ಚಾಚಿಗಿಂತ ಹೆಚ್ಚು ಅಪಾಯಕಾರಿ. ಚದರ ಮಿಲಿಮೀಟರಿನಷ್ಟು ತುದಿಯುಳ್ಳ ಕಣವೊಂದು ಒಂದೇ ಕಿಲೋಗ್ರಾಂ ಭಾರವನ್ನು ಹೊತ್ತರೂ, ಅಲ್ಲಿನ ಒತ್ತಡ ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಂ ಆಗುತ್ತದೆ.

ಹಾಗೆಂದು ಚಾಚನ್ನು ಮರೆತುಬಿಡಬೇಕೆಂದಲ್ಲ. ಅಳತೆಪಟ್ಟಿಯೊಂದನ್ನು ಮೇಜಿನ ಅಂಚಿನಿಂದ 5 ಸೆಂಟಿಮೀಟರು ಹೊರಗೆ ಚಾಚಿ, ಒಳಗಿನ ತುದಿಯನ್ನು ಒತ್ತಿ ಹಿಡಿದು, ಹೊರಗಿನ ತುದಿಗೆ ಒಂದು ಸಣ್ಣ ತೂಕವನ್ನು ತೂಗಹಾಕಿರಿ. ಅನಂತರ 10 ಸೆಂಟಿಮೀಟರು ಚಾಚಿ ಅದೇ ತೂಕವನ್ನು ತೂಗಹಾಕಿರಿ. ಪಟ್ಟಿ ಬಾಗುವುದು ಎರಡರಷ್ಟಲ್ಲ, ಎಂಟರಷ್ಟು. ಬಾಗುವಿಕೆಯು ಚಾಚಿನ ಘನದಂತೆ ಬೆಳೆಯುತ್ತದೆ. ದಪ್ಪದ ಘನದಂತೆ ಕುಗ್ಗುತ್ತದೆ. ನಮ್ಮ ಸಮಸ್ಯೆಗೆ ಪರಿಹಾರ ಇಲ್ಲಿಯೇ ಇದೆ. ತೊಟ್ಟಿಯಷ್ಟೇ ಉದ್ದಗಲವುಳ್ಳ, 18 ಮಿಲಿಮೀಟರಿಗೆ ಕಡಿಮೆಯಿಲ್ಲದ ದಪ್ಪದ, ನೀರಿಗೆ ಕೆಡದ ದರ್ಜೆಯ ಪ್ಲೈವುಡ್ ಹಲಗೆಯೊಂದನ್ನು ಪೀಠದ ಮೇಲೆ ಹಾಸಬೇಕು. ಆಗ ಹೊರಗೆ ಚಾಚುವುದು ಹಲಗೆಯೇ ಹೊರತು ಗಾಜಲ್ಲ. ತನ್ನ ದಪ್ಪಕ್ಕಿಂತಲೂ ಕಡಿಮೆ ಚಾಚಿರುವ ಹಲಗೆ ಈ ಭಾರಕ್ಕೆ ಬಾಗುವುದು ತಲೆಗೂದಲಿನ ದಪ್ಪದ ಒಂದು ಸಣ್ಣ ಪಾಲಿನಷ್ಟು ಮಾತ್ರ. ಚಾಚು ಹಲಗೆಯ ದಪ್ಪವನ್ನು ಮೀರುವುದಾದರೆ ಹೊಸ ಪೀಠವನ್ನೇ ಮಾಡಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಪೀಠದ ನಡುವೆ ಒಂದೆರಡು ಅಡ್ಡಪಟ್ಟಿಗಳಿಲ್ಲದಿದ್ದರೆ ಅವನ್ನೂ ಬೆಸೆಸಬೇಕು.

ಹಲಗೆಯ ಮೇಲೆ ಥರ್ಮೊಕೋಲ್ ಹಾಸುವ ರೂಢಿಯಿದೆ. ತಳದ ಗಾಜು ನೇರವಾಗಿ ಹಲಗೆಯ ಮೇಲೆ ಕೂರುವ ತೊಟ್ಟಿಗಳಿಗೆ ಅದು ಒಳ್ಳೆಯದೇ. ಕಣವನ್ನು ತನ್ನೊಳಗೆ ಹುದುಗಿಸಿಕೊಂಡು ಭಾರವನ್ನು ಹರಡುತ್ತದೆ. ಸುತ್ತಲೂ ಚೌಕಟ್ಟಿದ್ದು, ತಳದ ಗಾಜು ಹಲಗೆಗೆ ತಾಗದಂತೆ ಮೇಲೆ ನಿಂತಿರುವ ತೊಟ್ಟಿಗಳಿಗೆ ಅದು ಬೇಡ. ಅಲ್ಲಿ ಭಾರವೆಲ್ಲ ಚೌಕಟ್ಟಿನ ಮೂಲಕವೇ ಇಳಿಯಬೇಕು. ಕೆಳಗಿನಿಂದ ಥರ್ಮೊಕೋಲ್ ಉಬ್ಬಿ ಗಾಜನ್ನು ಮೇಲಕ್ಕೆ ಒತ್ತಬಾರದು. ಇನ್ನು, ಚಾಚಿದ ಅಂಚಿನ ಕೆಳಗಿನ ಖಾಲಿ ಜಾಗಕ್ಕೆ ಥರ್ಮೊಕೋಲ್ ಹಲಗೆಯ ಬದಲಿಯಾಗದು. ಅದಕ್ಕೆ ಬಿಗಿಯೇ ಇಲ್ಲವಷ್ಟೆ.

ನಮ್ಮ ಹಳ್ಳಿಗಳ ಮೂರು ಕಲ್ಲಿನ ಒಲೆ ಎಂದೂ ಕುಲುಕುವುದಿಲ್ಲ; ನಾಲ್ಕು ಕಾಲಿನ ಬೆಂಚು ಕುಲುಕುತ್ತದೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ, ನಾಲ್ಕನೆಯದು ಇದ್ದರೂ ಇರಬಹುದು, ಇಲ್ಲದಿರಲೂಬಹುದು. ಪೀಠದ ನಾಲ್ಕನೆಯ ಕಾಲು ಎರಡು ಮಿಲಿಮೀಟರು ಮೇಲಿದ್ದರೆ, ನೀರು ತುಂಬಿದಂತೆಲ್ಲ ಪೀಠವು ತಿರುಚಿಕೊಂಡು ಆ ಕಾಲನ್ನು ನೆಲಕ್ಕೆ ತಾಗಿಸುತ್ತದೆ. ಕಬ್ಬಿಣಕ್ಕೆ ಈ ತಿರುಚು ಏನೂ ಅಲ್ಲ. ಗಾಜಿನ ಹಲಗೆಗಳನ್ನು ಹಿಡಿದಿರುವ ಸಿಲಿಕೋನ್ ಅಂಟಿನ ಬೆಸುಗೆಗೆ ಅದು ದೊಡ್ಡ ಹಿಂಸೆ. ಕಾಲುಗಳನ್ನು ರಸಮಟ್ಟವಿಟ್ಟು ಮೊದಲೇ ಸರಿಪಡಿಸಬೇಕು.

ಪೀಠ ಕಿರಿದಾದುದರಿಂದ ತೊಟ್ಟಿ ಉರುಳೀತೆಂಬ ಭಯವನ್ನೂ ಅಳೆದು ನೋಡಬಹುದು. ಪೀಠದ ಎತ್ತರ 75 ಸೆಂಟಿಮೀಟರಾದರೆ ತೊಟ್ಟಿಯ ಗುರುತ್ವಕೇಂದ್ರ ನೆಲದಿಂದ ಸುಮಾರು 95 ಸೆಂಟಿಮೀಟರಿನಲ್ಲಿರುತ್ತದೆ. ಪೀಠದ ಅಗಲ 43 ಆದರೆ ಅದು ಸುಮಾರು 13 ಡಿಗ್ರಿ ವಾಲಿದಾಗ ಉರುಳುತ್ತದೆ. 45 ಆಗಿದ್ದರೂ ಹೆಚ್ಚುತ್ತಿದ್ದುದು ಅರ್ಧ ಡಿಗ್ರಿ ಮಾತ್ರ. ನೀರು ವಾಲಿದ ಕಡೆಗೇ ಓಡುವುದರಿಂದ ನಿಜವಾದ ಮಿತಿ ಇನ್ನೂ ಕಡಿಮೆ. ಎರಡು ಸೆಂಟಿಮೀಟರಿನ ಕೊರತೆಯನ್ನು ದೂರುವುದರ ಬದಲು, ಪೀಠವನ್ನು ಕಬ್ಬಿಣದ ಪಟ್ಟಿಗಳಿಂದ ಗೋಡೆಗೆ ಬಿಗಿಯುವುದು ಮೇಲು. ಮಕ್ಕಳಿರುವ ಮನೆಗಳಲ್ಲಿ ಇದನ್ನು ಕಡ್ಡಾಯವೆಂದೇ ಹೇಳುತ್ತೇವೆ.

ನೀರು ತುಂಬುವ ದಿನ ಅವಸರ ಸಲ್ಲದು. ಮೊದಲು ಮೂರರಲ್ಲೊಂದು ಭಾಗ ತುಂಬಿ, ನಾಲ್ಕು ಮೂಲೆಗಳಲ್ಲಿಯೂ ಹಲಗೆಯಿಂದ ನೀರಿನ ಮಟ್ಟದವರೆಗೆ ಅಳೆಯಿರಿ. ನೀರಿಗಿಂತ ನಂಬಿಕೆಯ ರಸಮಟ್ಟ ಬೇರೊಂದಿಲ್ಲ. ಅಳತೆಗಳಲ್ಲಿ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನೀರನ್ನು ತೆಗೆದು ಕಾಲುಗಳಿಗೆ ಬಿಲ್ಲೆ ಕೊಡಬೇಕು. ಹಲಗೆಗೂ ಪೀಠಕ್ಕೂ ನಡುವೆ ತೆಳುವಾದ ಕಾಗದದ ಚೂರನ್ನು ಸುತ್ತಲೂ ತೂರಿಸಿ ನೋಡಿರಿ. ಅದು ಸಲೀಸಾಗಿ ನುಗ್ಗಿದ ಕಡೆ ಹಲಗೆ ಭಾರವನ್ನು ಹೊರುತ್ತಿಲ್ಲ. ಎಲ್ಲವೂ ಸರಿಯಿದ್ದರೆ ಅರ್ಧಕ್ಕೆ ತುಂಬಿ ಒಂದು ದಿನ, ಪೂರ್ತಿ ತುಂಬಿ ಇನ್ನೆರಡು ದಿನ ಬಿಟ್ಟು, ಪ್ರತಿ ಸಲವೂ ಅಳತೆಯನ್ನು ಬರೆದಿಟ್ಟುಕೊಳ್ಳಿರಿ. ಅಂಕಿಗಳು ಬದಲಾಗದೆ ನಿಂತ ಮೇಲೆ ನೀರನ್ನು ಇಳಿಸಿ ಮರಳನ್ನೂ ಗಿಡಗಳನ್ನೂ ಇಡಬಹುದು. ಮೀನುಗಳ ಸರದಿ ಅದಾದ ಮೇಲೆ.